ಒಂದೇ ಏಟಿಗೆ

ಕೇಳುಗರೇ, ನಮಸ್ಕಾರ.

ಹತ್ತಿರದಲ್ಲಿ ಒಂದು ನಾಣ್ಯ ಇದ್ದರೆ ಕೈಗೆ ತಗೊಳ್ಳಿ. ಯಾವುದಾದರೂ ಸರಿ. ದೀಪಕ್ಕೆ ನೇರವಾಗಿ ಹಿಡಿಯಬೇಡಿ, ಬೆಳಕು ಪಕ್ಕದಿಂದ ಬೀಳುವ ಹಾಗೆ ಸ್ವಲ್ಪ ವಾರೆ ಮಾಡಿ. ಈಗ ಉಬ್ಬು ಚೆನ್ನಾಗಿ ಕಾಣುತ್ತದೆ ಅಲ್ವಾ? ಹೆಬ್ಬೆರಳಿನಿಂದ ಸವರಿ ನೋಡಿ. ಸಪಾಟು ಜಾಗದಿಂದ ಅತಿ ಎತ್ತರದ ಜಾಗಕ್ಕೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಒಂದು ಮುಖ ಇದ್ದರೆ, ಅದರ ಹಣೆ, ಕೆನ್ನೆ, ಕಿವಿ, ಕಿವಿಯ ಹಿಂದೆ ಸರಿದ ಕೂದಲು, ಎಲ್ಲವೂ ಅಷ್ಟರೊಳಗೇ ಇರಬೇಕು. ಅಷ್ಟನ್ನು ಹಿಡಿಸಿದವರ ಕೆಲಸದ ಬಗ್ಗೆ ಇವತ್ತು ಮಾತಾಡುತ್ತೇನೆ.

ಕನ್ನಡದಲ್ಲಿ ನಾಣ್ಯ ಹೊಡೆಯುವ ಜಾಗಕ್ಕೆ ಟಂಕಸಾಲೆ ಅನ್ನುತ್ತೇವೆ. ಟಂಕ ಅಂದರೆ ನಾಣ್ಯ. ಟಂಕ ಅಂದರೆ ಉಳಿ ಅಂತಲೂ ಅರ್ಥ ಇದೆ. ಈ ಎರಡರ ನಂಟು ನನಗೆ ಬಹಳ ಇಷ್ಟ. ಯಾಕೆಂದರೆ ನಾಣ್ಯ ಕೆತ್ತುವವರು ನಾಣ್ಯವನ್ನು ಮುಟ್ಟುವುದೇ ಇಲ್ಲ. ಅವರ ಉಳಿ ಓಡುವುದು ಅಚ್ಚಿನ ಮೇಲೆ, ಉಕ್ಕಿನ ಮೇಲೆ.

ಅಚ್ಚಿನಲ್ಲಿ ಎಲ್ಲವೂ ಉಲ್ಟಾ. ಎಡ ಬಲವಾಗುತ್ತದೆ, ಉಬ್ಬು ತಗ್ಗಾಗುತ್ತದೆ. ಇದು ಎಷ್ಟು ಕಷ್ಟ ಅಂತ ತಿಳಿಯಲು ನಾನು ಒಮ್ಮೆ ಸೋಪಿನ ತುಂಡಿನಲ್ಲಿ ಕೆತ್ತಿ ನೋಡಿದೆ. ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಬರೆಯುವುದು ಸ್ವಲ್ಪ ಹೊತ್ತಿನಲ್ಲಿ ಕೈಗೆ ಬಂತು. ಮುಖ ಬರಲಿಲ್ಲ. ಮೂಗು ಎತ್ತರ ಕಾಣಬೇಕಾದರೆ ಅಲ್ಲೇ ಜಾಸ್ತಿ ಆಳಕ್ಕೆ ಹೋಗಬೇಕು. ಕಣ್ಣು ಒಳಗೆ ಕಾಣಬೇಕಾದರೆ ಅಲ್ಲಿ ಸೋಪನ್ನು ಉಳಿಸಬೇಕು. ಪ್ರತಿ ಗೀರಿಗೂ ಮನಸ್ಸು ಒಂದು ಸಲ ಮಗುಚಬೇಕು. ಕಲಸಿದ ಜೇಡಿಮಣ್ಣನ್ನು ಅದರೊಳಗೆ ಒತ್ತಿ ಎತ್ತಿದಾಗಲೇ ಏನು ಮಾಡಿದ್ದೇನೆ ಅಂತ ಕಂಡದ್ದು. ನಿಜವಾದ ಕೆತ್ತನೆಗಾರರೂ ಹೀಗೇ ಮಾಡುತ್ತಾರೆ. ಸ್ವಲ್ಪ ಕೆತ್ತುತ್ತಾರೆ, ಮೇಣ ಒತ್ತುತ್ತಾರೆ, ಎತ್ತಿ ಬೆಳಕಿಗೆ ಹಿಡಿಯುತ್ತಾರೆ, ಮತ್ತೆ ಕೆತ್ತುತ್ತಾರೆ. ಸೋಪಿನಲ್ಲಿ ತಪ್ಪಾದರೆ ಇನ್ನೊಂದು ಸೋಪು. ಉಕ್ಕಿನಲ್ಲಿ ಜಾಸ್ತಿ ತೆಗೆದದ್ದನ್ನು ಮತ್ತೆ ತುಂಬಲು ಬರುವುದಿಲ್ಲ.

ಕೆತ್ತುವಾಗ ಉಕ್ಕು ಮೆತ್ತಗಿರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಕೆಂಪಗೆ ಕಾಯಿಸಿ, ತಟ್ಟನೆ ತಣಿಸಿ ಗಟ್ಟಿ ಮಾಡುತ್ತಾರೆ. ಅಲ್ಲಿ ಒಂದು ಬಿರುಕು ಬಂದರೆ ತಿಂಗಳುಗಳ ಕೆಲಸ ಹೋಯಿತು. ಅದನ್ನು ದಾಟಿದರೆ ಮುಂದೆ ಪ್ರೆಸ್. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಲೋಹದ ಬಿಲ್ಲೆ. ಒಂದೇ ಏಟು. ಅಷ್ಟರಲ್ಲಿ ಲೋಹ ಹರಿದು ಅಚ್ಚಿನ ಮೂಲೆ ಮೂಲೆಗೂ ಹೋಗಿ ತುಂಬಬೇಕು. ದಿನಬಳಕೆಯ ನಾಣ್ಯಕ್ಕೆ ಎರಡನೇ ಏಟು ಕೊಡುವಷ್ಟು ಹೊತ್ತು ಯಾರ ಹತ್ತಿರವೂ ಇಲ್ಲ. ನಾಣ್ಯದ ವಿನ್ಯಾಸ ಅಂದರೆ ಬರೀ ಚಂದದ ಚಿತ್ರ ಅಲ್ಲ. ಒಂದೇ ಏಟಿಗೆ ಬರುವ ಚಿತ್ರ.

ಇದು ದೊಡ್ಡ ದೊಡ್ಡ ಶಿಲ್ಪಿಗಳಿಗೂ ಸುಲಭವಾಗಿ ಒಗ್ಗಲಿಲ್ಲ. ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ತಮ್ಮ ದೇಶದ ನಾಣ್ಯಗಳು ಹಳೆಯ ಗ್ರೀಕ್ ನಾಣ್ಯಗಳಷ್ಟು ಚಂದ ಇರಬೇಕು ಅಂತ ಆಸೆಪಟ್ಟರು. ಆಗಸ್ಟಸ್ ಸೇಂಟ್ ಗಾಡನ್ಸ್ ಅವರಿಗೆ ಕೆಲಸ ಒಪ್ಪಿಸಿದರು. ಅವರು 20 ಡಾಲರಿನ ಚಿನ್ನದ ನಾಣ್ಯಕ್ಕೆ ನಮ್ಮ ಕಡೆಗೇ ನಡೆದು ಬರುವ ಸ್ವಾತಂತ್ರ್ಯದೇವಿಯನ್ನು ಮಾಡಿದರು. ಉಡುಪು ಗಾಳಿಗೆ ಹಾರುತ್ತಿದೆ, ಎತ್ತಿದ ಕೈಯಲ್ಲಿ ಪಂಜು. ಮೊದಲ ಅಚ್ಚಿನಲ್ಲಿ ಉಬ್ಬು ಎಷ್ಟು ಎತ್ತರ ಇತ್ತೆಂದರೆ, ಒಂದು ನಾಣ್ಯ ಪೂರ್ತಿ ಮೂಡಲು ಒಂಬತ್ತು ಏಟಿನವರೆಗೂ ಬೇಕಾಯಿತು. ಶಿಲ್ಪಿಗೆ ಆಗಲೇ ಕ್ಯಾನ್ಸರ್. ಅವರ ಶಿಷ್ಯ ಹೆನ್ರಿ ಹೆರಿಂಗ್ ಕೆಲಸ ಮುಂದುವರಿಸಿದರು. 1907ರ ಆಗಸ್ಟ್‌ನಲ್ಲಿ ಸೇಂಟ್ ಗಾಡನ್ಸ್ ತೀರಿಕೊಂಡರು. ಕೊನೆಗೆ ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಉಬ್ಬನ್ನು ತಗ್ಗಿಸಿ, ಒಂದು ಏಟಿಗೆ ಬರುವ ಹಾಗೆ ಮಾಡಿದರು. ಈ ಕಥೆ ಹೇಳುವವರು ಬಾರ್ಬರ್ ಅವರನ್ನು ಕಲೆ ಗೊತ್ತಿಲ್ಲದವರ ಹಾಗೆ ತೋರಿಸುವುದೇ ಹೆಚ್ಚು. ನನಗೆ ಅದು ಸರಿ ಅನಿಸುವುದಿಲ್ಲ. ಚಲಾವಣೆಗೆ ಬಾರದ ನಾಣ್ಯವನ್ನು ನಾಣ್ಯ ಅಂತ ಹೇಗೆ ಕರೆಯೋಣ? ಆದರೂ ಆ ಮೊದಲ ಎತ್ತರದ ಉಬ್ಬನ್ನು ಫೋಟೋದಲ್ಲಿ ನೋಡಿದಾಗಲೆಲ್ಲ, ಕಳೆದುಕೊಂಡದ್ದು ಏನು ಅಂತ ತಿಳಿದು ಹೊಟ್ಟೆ ಕಿವುಚುತ್ತದೆ.

ಇನ್ನೊಂದು ತೊಡಕು ಹಿಂಬದಿಯದು. ಲೋಹ ಇರುವುದೇ ಅಷ್ಟು. ಮುಂದಿನ ಮುಖಕ್ಕೆ ಅದು ಜಾಸ್ತಿ ಹರಿದರೆ ಹಿಂದಿನ ಚಿತ್ರಕ್ಕೆ ಕಡಿಮೆ ಬೀಳುತ್ತದೆ. 1911ರಿಂದ ಬ್ರಿಟನ್ನಿನ ಪೆನ್ನಿಗಳ ಮೇಲೆ ಐದನೇ ಜಾರ್ಜ್ ಅವರ ತಲೆ ಬಂತು. ಮಾಡಿದವರು ಬರ್ಟ್ರಮ್ ಮೆಕೆನಲ್. ತಲೆ ದೊಡ್ಡದು, ಬಿಲ್ಲೆ ತೆಳುವು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿರುವ ಬ್ರಿಟಾನಿಯಾ, ಅಂದರೆ ಬ್ರಿಟನ್ ದೇಶವನ್ನು ಹೆಣ್ಣಾಗಿ ತೋರಿಸುವ ಚಿತ್ರದ ಮೇಲೆ ರಾಜನ ತಲೆಯ ನೆರಳು ಮಸುಕಾಗಿ ಕಾಣುತ್ತಿತ್ತು. ಇದಕ್ಕೆ ಪರಿಹಾರವಾಗಿ ತಲೆಯನ್ನು ಚಿಕ್ಕದು ಮಾಡಿದ್ದು 1928ರಲ್ಲಿ. ಅದಕ್ಕೇ ಅನುಭವ ಇದ್ದವರು ಎರಡೂ ಬದಿಯನ್ನು ಒಟ್ಟಿಗೇ ಯೋಚಿಸುತ್ತಾರೆ. ಇಲ್ಲಿ ಕೆನ್ನೆ ಇದ್ದರೆ ಅಲ್ಲಿ ಖಾಲಿ ಜಾಗ.

ನಾಣ್ಯಗಳಲ್ಲಿ ಮುಖ ಯಾಕೆ ಹೆಚ್ಚಾಗಿ ಪಕ್ಕಕ್ಕೆ ತಿರುಗಿರುತ್ತದೆ ಅಂತ ಯೋಚಿಸಿದ್ದೀರಾ? ಎದುರು ನೋಡುವ ಮುಖದಲ್ಲಿ ಮೂಗೇ ಅತಿ ಎತ್ತರ, ಮೊದಲು ಸವೆಯುವುದೂ ಅದೇ. ಇಂಗ್ಲೆಂಡಿನ ಎಂಟನೇ ಹೆನ್ರಿ ಕೊನೆಯ ವರ್ಷಗಳಲ್ಲಿ ಬೆಳ್ಳಿಗೆ ತಾಮ್ರ ಬೆರೆಸಿ ನಾಣ್ಯ ಹೊಡೆಸಿದ. ಅವುಗಳ ಮೇಲೆ ಅವನ ಮುಖ ನಮ್ಮ ಎದುರಿಗೆ ನೋಡುತ್ತಿತ್ತು. ಕೈಯಿಂದ ಕೈಗೆ ಹೋಗುತ್ತ ಮೂಗಿನ ಮೇಲಿನ ಬೆಳ್ಳಿ ಸವೆದು, ಕೆಳಗಿನ ಕೆಂಪು ಕಾಣಿಸಿತು. ಜನ ರಾಜನನ್ನು ತಾಮ್ರದ ಮೂಗಿನವನು ಅಂತ ಕರೆದರು.

ಈ ವೃತ್ತಿಗೆ ಬರುವ ದಾರಿಗಳು ಹಲವು. ಶಿಲ್ಪ ಕಲಿತವರು ಬರುತ್ತಾರೆ. ಆಭರಣ, ಮೊಹರು, ಹರಳು ಕೆತ್ತುವವರು ಬರುತ್ತಾರೆ. ಯೂರೋ ನಾಣ್ಯಗಳ ಎಲ್ಲ ದೇಶಗಳಿಗೂ ಒಂದೇ ಆಗಿರುವ ಬದಿಯನ್ನು ಸ್ಪರ್ಧೆಯಲ್ಲಿ ಗೆದ್ದು ಮಾಡಿದವರು ಬೆಲ್ಜಿಯಂ ಟಂಕಸಾಲೆಯ ಲುಕ್ ಲಾಯಿಕ್ಸ್. ಈಗ ಹೆಚ್ಚಿನವರು ಮೊದಲು ತಟ್ಟೆಯಷ್ಟು ಅಗಲಕ್ಕೆ ಮಣ್ಣು ಅಥವಾ ಪ್ಲಾಸ್ಟರ್‌ನಲ್ಲಿ ಮಾಡುತ್ತಾರೆ, ಇಲ್ಲವೇ ಕಂಪ್ಯೂಟರಿನಲ್ಲೇ ಮಾಡುತ್ತಾರೆ. ಅದನ್ನು ನಾಣ್ಯದ ಅಳತೆಗೆ ಇಳಿಸಿ ಉಕ್ಕಿಗೆ ಕೊರೆಯುವುದು ಯಂತ್ರ. ಹಿಂದೆ ಒಂದು ಸೂಜಿ ದೊಡ್ಡ ಮಾದರಿಯ ಮೇಲೆ ಮೆಲ್ಲಗೆ ಸವರುತ್ತ ಹೋಗುತ್ತಿತ್ತು, ಅದಕ್ಕೆ ಜೋಡಿಸಿದ ಇನ್ನೊಂದು ಮೊನೆ ಉಕ್ಕಿನಲ್ಲಿ ಅದನ್ನೇ ಚಿಕ್ಕದಾಗಿ ಕೊರೆಯುತ್ತಿತ್ತು. ಈಗ ಆ ಜಾಗಕ್ಕೆ ಸ್ಕ್ಯಾನರ್, ಲೇಸರ್ ಬಂದಿವೆ. ಆದರೆ ತಟ್ಟೆಯಷ್ಟು ಅಗಲದಲ್ಲಿ ಕಣ್ಣಿನ ರೆಪ್ಪೆ ಚಂದ ಕಂಡಿತು ಅಂತ ನಾಣ್ಯದಲ್ಲೂ ಕಾಣಬೇಕಲ್ಲ. ಏನನ್ನು ಬಿಡಬೇಕು ಅಂತ ಯಂತ್ರ ಹೇಳುವುದಿಲ್ಲ.

ಹೆಸರಿನ ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕ್ರಿಸ್ತಪೂರ್ವ 400ರ ಸುಮಾರಿಗೆ ಸಿಸಿಲಿ ದ್ವೀಪದ ಗ್ರೀಕ್ ನಗರ ಸಿರಾಕ್ಯೂಸ್‌ನಲ್ಲಿ ಕಿಮೋನ್ ಎಂಬ ಕೆತ್ತನೆಗಾರ, ನಾಣ್ಯದ ಮೇಲಿನ ಅರೆಥೂಸಾ ದೇವತೆಯ ತಲೆಪಟ್ಟಿಯ ಮೇಲೆ ತನ್ನ ಹೆಸರು ಕೆತ್ತಿದ. 1909ರಲ್ಲಿ ಅಮೆರಿಕದ ಲಿಂಕನ್ ಸೆಂಟ್ ಮಾಡಿದ ವಿಕ್ಟರ್ ಡೇವಿಡ್ ಬ್ರೆನರ್ ತನ್ನ ಹೆಸರಿನ ಮೂರು ಅಕ್ಷರ ಹಾಕಿದ. ಅವು ಎದ್ದು ಕಾಣುತ್ತವೆ ಅಂತ ಗದ್ದಲವಾಗಿ, ಕೆಲವೇ ದಿನಗಳಲ್ಲಿ ತೆಗೆದರು. ಮತ್ತೆ ಹಾಕಿದ್ದು 1918ರಲ್ಲಿ, ಲಿಂಕನ್ ಭುಜದ ಅಂಚಿನಲ್ಲಿ, ಹುಡುಕಿದರೆ ಮಾತ್ರ ಸಿಗುವಷ್ಟು ಸಣ್ಣಗೆ. ಲಂಡನ್ನಿನ ಥಾಮಸ್ ಸೈಮನ್ ಕಥೆ ಇನ್ನೂ ಗಟ್ಟಿ. ರಾಜ ಎರಡನೇ ಚಾರ್ಲ್ಸ್ ಸೈಮನ್‌ನನ್ನು ಬಿಟ್ಟು ಆಂಟ್‌ವರ್ಪ್‌ನಿಂದ ಬಂದ ರೊಟಿಯರ್ ಸಹೋದರರನ್ನು ಆರಿಸಿದಾಗ, 1663ರಲ್ಲಿ ಸೈಮನ್ ಒಂದು ಮಾದರಿ ನಾಣ್ಯ ಮಾಡಿದ. ಅದರ ತೆಳು ಅಂಚಿನ ಸುತ್ತ ಎರಡು ಸಾಲಿನಲ್ಲಿ ರಾಜನಿಗೆ ಅರ್ಜಿ ಬರೆದ. ಇದನ್ನು ಅವರದರ ಜೊತೆ ಹೋಲಿಸಿ ನೋಡಿ, ನನ್ನದು ಮೇಲಾಗಿದ್ದರೆ ನನ್ನ ಕೈ ಹಿಡಿಯಿರಿ ಅಂತ. ರಾಜನ ಮನಸ್ಸು ತಿರುಗಲಿಲ್ಲ. ಸೈಮನ್ ಎರಡು ವರ್ಷದಲ್ಲಿ ತೀರಿಕೊಂಡ.

ಕೊನೆಯದಾಗಿ ಬೆನೆಡೆಟ್ಟೊ ಪಿಸ್ಟ್ರುಚ್ಚಿ. ರೋಮಿನಲ್ಲಿ ಹರಳು ಕೆತ್ತುತ್ತಿದ್ದವನು, 1815ರಲ್ಲಿ ಲಂಡನ್ನಿಗೆ ಬಂದ. 1817ರ ಸಾವರಿನ್ ಎಂಬ ಚಿನ್ನದ ನಾಣ್ಯದ ಮೇಲೆ ಅವನು ಕೆತ್ತಿದ, ಕುದುರೆ ಏರಿ ಡ್ರ್ಯಾಗನ್ ಕೊಲ್ಲುವ ಸೇಂಟ್ ಜಾರ್ಜ್ ಇವತ್ತಿಗೂ ಬರುತ್ತಿದ್ದಾನೆ. 1819ರಲ್ಲಿ ಅವನಿಗೆ, ನೆಪೋಲಿಯನ್‌ನನ್ನು ಸೋಲಿಸಿದ ವಾಟರ್‌ಲೂ ಯುದ್ಧದ ಗೆಲುವಿನ ಪದಕದ ಕೆಲಸ ಸಿಕ್ಕಿತು. ಹೊರದೇಶದವನು ಅನ್ನುವ ಕಾರಣಕ್ಕೆ ಮುಖ್ಯ ಕೆತ್ತನೆಗಾರನ ಹುದ್ದೆ ಅವನಿಗೆ ಸಿಗಲಿಲ್ಲ, ಜಗಳ ಬೆಳೆಯಿತು, ಕೆಲಸ ನಿಧಾನವಾಯಿತು. ಅಚ್ಚುಗಳನ್ನು ಒಪ್ಪಿಸಿದ್ದು 1849ರಲ್ಲಿ, ಮೂವತ್ತು ವರ್ಷ ಕಳೆದ ಮೇಲೆ. ಪದಕ ಪಡೆಯಬೇಕಿದ್ದ ರಾಜರೆಲ್ಲ ತೀರಿಕೊಂಡಿದ್ದರು, ಸೇನಾಪತಿ ವೆಲ್ಲಿಂಗ್ಟನ್ ಒಬ್ಬರೇ ಉಳಿದಿದ್ದರು. ಅಚ್ಚಿನ ಅಗಲ ಸುಮಾರು 13 ಸೆಂಟಿಮೀಟರ್. ಅದರ ತುಂಬ ಕುದುರೆಗಳು, ದೇವತೆಗಳು, ಉರುಳಿ ಬೀಳುವ ದೈತ್ಯರು. ಇನ್ನು ಕಾಯಿಸಿ ಗಟ್ಟಿ ಮಾಡಬೇಕು. ಬಿರುಕು ಬಿಟ್ಟರೆ? ಆ ಭಯಕ್ಕೆ ಯಾರೂ ಕೈ ಹಾಕಲಿಲ್ಲ. ಮೆತ್ತನೆಯ ಉಕ್ಕಿನಲ್ಲೇ ಅಚ್ಚು ಉಳಿಯಿತು. ವಿದ್ಯುತ್ತಿನಿಂದ ತಾಮ್ರ ಕೂರಿಸಿ ಅದರ ಪ್ರತಿಗಳನ್ನು ತೆಗೆದರು. ಮೂವತ್ತು ವರ್ಷ ಕಾದಿದ್ದ ಆ ಒಂದು ಏಟು ಬೀಳಲೇ ಇಲ್ಲ.

ನಮಸ್ಕಾರ.