ಮೇಲಿನ ಬಾತ್‌ರೂಮಿಗೆ ಗಾಳಿ ಪೈಪು ಹಾಕಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ದೀಪಾವಳಿ ಮುಗಿಯಿತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಮೇಲೆ ಮನೆ ಏಳುತ್ತದೆ. ಮಗನ ಮದುವೆಗೆ ಒಂದು ರೂಮು, ಇಲ್ಲವೇ ಓದುವ ಹುಡುಗರಿಗೆ ಬಾಡಿಗೆ ಕೊಡಲು ಎರಡು ರೂಮು. ರೂಮು ಅಂದ ಮೇಲೆ ಬಾತ್‌ರೂಮು ಬೇಕೇ ಬೇಕು. ಟೈಲ್ಸ್ ಅಂಗಡಿಗೆ ಮನೆಮಂದಿಯೆಲ್ಲ ಹೋಗುತ್ತೀರಿ, ಬಣ್ಣಕ್ಕೆ ಜಗಳ ಮಾಡುತ್ತೀರಿ. ಪೈಪು ಎಲ್ಲಿ ಇಳಿಯಬೇಕು ಎಂದು ಕೇಳಿದರೆ ಮಾತ್ರ "ಅದನ್ನ ಪ್ಲಂಬರ್ ನೋಡ್ಕೋತಾನ್ರಿ" ಅನ್ನುತ್ತೀರಿ. ಪ್ಲಂಬರ್ ಬರುವ ಹೊತ್ತಿಗೆ ಸ್ಲ್ಯಾಬ್ ಹಾಕಿ ಆಗಿರುತ್ತದೆ.

ನಾನು ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಸಂಡಾಸಿನ ನೀರು ಇಳಿಯುವ ಪೈಪಿಗೆ ಕೆಳಗೆ ಬಾಯಿ ಇದ್ದರೆ ಸಾಲದು, ಮೇಲೂ ಬಾಯಿ ಬೇಕು. ಆ ಪೈಪು ಮಾಳಿಗೆ ದಾಟಿ ಮೇಲೆ ಹೋಗಿ ತೆರೆದಿರಬೇಕು. ಅದೇ ಗಾಳಿ ಪೈಪು. ಪ್ಲಂಬರ್‌ಗಳು ವೆಂಟ್ ಅನ್ನುತ್ತಾರೆ.

ಯಾಕೆ ಬೇಕು? ಅಡುಗೆ ಎಣ್ಣೆಯ ಡಬ್ಬಿಗೆ ಒಂದೇ ತೂತು ಹೊಡೆದು ಬಗ್ಗಿಸಿ ನೋಡಿ. ಗುಳುಕ್ ಗುಳುಕ್ ಅಂತ ತಡೆದು ತಡೆದು ಬೀಳುತ್ತದೆ. ಎದುರು ಮೂಲೆಗೆ ಇನ್ನೊಂದು ತೂತು ಹೊಡೆದರೆ ಧಾರೆ ಸರಾಗ. ಎಣ್ಣೆ ಹೊರಗೆ ಬರಬೇಕಾದರೆ ಗಾಳಿ ಒಳಗೆ ಹೋಗಬೇಕು, ಅಷ್ಟೇ. ಫ್ಲಶ್ ಮಾಡಿದಾಗಲೂ ಇದೇ ಲೆಕ್ಕ. 6 ರಿಂದ 10 ಲೀಟರ್ ನೀರು ಒಮ್ಮೆಲೇ ಇಳಿಯುತ್ತದೆ, ಇಳಿಯುತ್ತಾ ಹಿಂದಿನಿಂದ ಗಾಳಿ ಎಳೆಯುತ್ತದೆ. ಮೇಲಿಂದ ಗಾಳಿ ಸಿಗದಿದ್ದರೆ ಎಲ್ಲಿಂದ ಎಳೆಯಬೇಕು? ನಿಮ್ಮ ಬಚ್ಚಲಿನ ನೀರು ಇಳಿಯುವ ಬಾಯಿಯಿಂದ, ಅಂದರೆ ನಹಾನಿ ಟ್ರ್ಯಾಪಿನಿಂದ. ಜಾಲರಿಯ ಕೆಳಗೆ ಸುಮಾರು 2 ಇಂಚು ನೀರು ನಿಂತಿರುತ್ತದಲ್ಲ, ಗಟಾರದ ನಾತ ಮನೆಯೊಳಗೆ ಬಾರದಂತೆ ತಡೆಯುವುದೇ ಆ ನೀರು. ಅದನ್ನೇ ಹೀರಿಕೊಂಡು ಹೋಗುತ್ತದೆ. ಆಮೇಲೆ ನಿಮಗೂ ಗಟಾರಕ್ಕೂ ನಡುವೆ ಏನೂ ಇಲ್ಲ.

ಧಾರವಾಡದ ಸಪ್ತಾಪುರದಲ್ಲಿ ಒಂದು ಮನೆ. ಸುತ್ತಲೂ ಕೋಚಿಂಗ್ ಸೆಂಟರ್‌ಗಳು, ರೂಮಿಗೆ ಬೇಡಿಕೆ ಜಾಸ್ತಿ. ಮನೆಯವರು ಮೇಲೆ ಎರಡು ರೂಮು, ಒಂದು ಬಾತ್‌ರೂಮು ಕಟ್ಟಿಸಿ ಹುಡುಗರಿಗೆ ಕೊಟ್ಟಿದ್ದರು. ಮೊದಮೊದಲು ಏನೂ ತೊಂದರೆ ಇರಲಿಲ್ಲ. ಆಮೇಲೆ ಕೆಳಗಿನ ಬಚ್ಚಲಲ್ಲಿ ನಾತ ಶುರುವಾಯಿತು. ಫಿನಾಯಿಲ್ ಸುರಿದರು. ಆ್ಯಸಿಡ್ ಸುರಿದರು. ಟೈಲ್ಸ್ ಒಡೆಸಿ ಟ್ರ್ಯಾಪನ್ನೇ ಬದಲಿಸಿದರು. ಹೊಸ ಟೈಲ್ಸ್ ಬಂತು, ನಾತ ಹೋಗಲಿಲ್ಲ. ಹೊರಗಿನ ಚೇಂಬರ್ ತೆಗೆಸಿ ನೋಡಿದರೆ ಅಲ್ಲಿ ಎಲ್ಲ ಸರಿಯಾಗಿಯೇ ಹರಿಯುತ್ತಿದೆ. ನಾನು ಹೋದಾಗ ಯಜಮಾನರು ಬಾಗಿಲಲ್ಲೇ "ಖರ್ಚಿನ ಮಾತು ಬ್ಯಾಡ್ರಿ, ಈ ಪೈಪೆಲ್ಲಾ ಕಿತ್ತು ಹೊಸಾವು ಹಾಕಿಬಿಡ್ರಿ" ಅಂದರು.

ಕಟ್ಟೆಯ ಮೇಲೆ ಅವರ ತಾಯಿ ಮೆಂತ್ಯದ ಪಲ್ಯ ಸೋಸುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು: "ತಮ್ಮಾ, ಇಡೀ ದಿನಾ ನಾತ ಇರೂದಿಲ್ಲ. ಮುಂಜಾನೆ ಮ್ಯಾಲಿನ ಹುಡುಗ್ರು ನೀರ ಬಿಟ್ಟಾಗ ಬಚ್ಚಲ ಗುಳುಗುಳು ಅಂತೈತಿ. ಆಮ್ಯಾಲ ನಾತ. ನಾ ಜಳಕಾ ಮಾಡಿದ ಮ್ಯಾಲ ಹೋಗ್ತೈತಿ."

ನೋಡಿ, ಇಡೀ ರೋಗವನ್ನೇ ಹೇಳಿಬಿಟ್ಟರು. ಇಷ್ಟು ದುಡ್ಡು ಸುರಿದವರು ಯಾರೂ ಅಜ್ಜಿಯನ್ನು ಕೇಳಿರಲಿಲ್ಲ! ಫ್ಲಶ್ ಎಳೆದಾಗ ಟ್ರ್ಯಾಪು ಬರಿದಾಗುತ್ತಿತ್ತು, ಜಳಕದ ನೀರು ಬಿದ್ದಾಗ ಮತ್ತೆ ತುಂಬುತ್ತಿತ್ತು. ನಾನು ಬಚ್ಚಲಿಗೆ ಹೋಗಲೇ ಇಲ್ಲ, ಸೀದಾ ಮಾಳಿಗೆ ಹತ್ತಿದೆ. ಹೊಸದಾಗಿ ಸೋಲಾರ್ ಕೂರಿಸಿದ್ದರು. ಅದರ ಸ್ಟ್ಯಾಂಡಿಗೆ ಅಡ್ಡ ಬಂತೆಂದು ಗಾಳಿ ಪೈಪನ್ನು ನೆಲಮಟ್ಟಕ್ಕೆ ಕೊಯ್ದು ಬಾಯಿಗೆ ಸಿಮೆಂಟ್ ಮೆತ್ತಿದ್ದರು. ಮೆತ್ತಿದವರ ಬೆರಳಿನ ಗುರುತು ಕೂಡ ಹಾಗೇ ಇತ್ತು. ತೋರಿಸಿದರೆ ಯಜಮಾನರು "ಅದು ಸುಮ್ನೆ ನಿಂತ ಪೈಪ್ ಅಲ್ಲೇನ್ರಿ? ಮಳಿ ನೀರ ಹೋಗ್ತದಂತ ನಾನ ಮುಚ್ಚಸಿದೆ" ಅಂದರು. ಸುಮ್ನೆ ನಿಂತ ಪೈಪಂತೆ!

ಉಳಿ ಹಚ್ಚಿ ಸಿಮೆಂಟ್ ಒಡೆಸಿದೆ. ಅಜ್ಜಿ ಬಚ್ಚಲ ಬಾಗಿಲಲ್ಲಿ ನಿಂತರು, ಮೇಲೆ ಫ್ಲಶ್ ಎಳೆಸಿದೆ. "ಸುಮ್ಮನಾತು ನೋಡು" ಎಂದು ಕೆಳಗಿನಿಂದ ಕೂಗಿದರು. ಪೈಪನ್ನು ಸೋಲಾರ್ ಪಕ್ಕಕ್ಕೆ ತಿರುಗಿಸಿ, ಎತ್ತರಿಸಿ, ತುದಿಗೆ ಜಾಲರಿಯ ಟೋಪಿ ಹಾಕಿದೆವು. ಖರ್ಚು ಒಡೆದ ಟೈಲ್ಸ್‌ಗಿಂತ ಎಷ್ಟೋ ಕಡಿಮೆ.

ಅದಕ್ಕೇ ಮತ್ತೆ ಹೇಳುತ್ತೇನೆ, ಗಾಳಿ ಪೈಪು. ನಕ್ಷೆಯಲ್ಲೇ ಬರೆಸಿ. ಸೆಂಟ್ರಿಂಗ್ ಬಡಿಯುವಾಗಲೇ ಸ್ಲ್ಯಾಬಿಗೆ ತೂತು ಬಿಡಿಸಿ. ಗೌಂಡಿ "ಆಮೇಲೆ ಕೊರೆಯೋಣ" ಅಂದರೆ ಒಪ್ಪಬೇಡಿ. ಆಮೇಲೆ ಕೊರೆದರೆ ಒಳಗಿನ ಕಬ್ಬಿಣ ತುಂಡಾಗುತ್ತದೆ, ಸೋರುವುದೂ ಶುರುವಾಗುತ್ತದೆ. ಮಾಳಿಗೆ ಮೇಲೆ ಜನ ಓಡಾಡುವುದಿದ್ದರೆ ಪೈಪು 2 ಮೀಟರ್ ಎತ್ತರ ಇರಲಿ, ಕಿಟಕಿಯಿಂದ ದೂರ ಇರಲಿ. ಮಳೆ ಬಿದ್ದರೆ ಬೀಳಲಿ ಬಿಡಿ, 4 ಇಂಚಿನ ಬಾಯಿಗೆ ಎಷ್ಟು ಬಿದ್ದೀತು? ಆದರೆ ಮಾಳಿಗೆಯ ಮಳೆ ನೀರಿನ ಪೈಪನ್ನು ಇದಕ್ಕೆ ಜೋಡಿಸಬೇಡಿ, ಅದು ಬೇರೆಯೇ ಇಳಿಯಬೇಕು. ಸೋಲಾರ್‌ನವರು, ಡಿಶ್‌ನವರು ಮಾಳಿಗೆ ಹತ್ತಿದಾಗ ನೀವೂ ಜೊತೆಗೆ ಹತ್ತಿ, ಯಾವುದನ್ನು ಮುಟ್ಟಬಾರದು ಎಂದು ತೋರಿಸಿ.

ಇನ್ನೂ ಬಹಳ ಹೇಳಬೇಕೆಂದಿದ್ದೆ, ಅಜ್ಜಿಯ ಕತೆಯೇ ಹೊತ್ತು ತಿಂದಿತು. ಬೇಗ ಹೇಳಿಬಿಡುತ್ತೇನೆ. ಮೇಲಿನ ಬಾತ್‌ರೂಮು ಕೆಳಗಿನದರ ನೇರಕ್ಕೇ ಬರಲಿ. ವಾಸ್ತು ಕೇಳಬೇಡಿ ಅನ್ನುವುದಿಲ್ಲ, ಆದರೆ ಬಾತ್‌ರೂಮನ್ನು ಆ ತುದಿಗೆ ಒಯ್ದರೆ ಸಂಡಾಸಿನ ಪೈಪು ನಿಮ್ಮ ಊಟದ ಮನೆಯ ಮೇಲೆ ಹಾದು ಬರುತ್ತದೆ, ಅಲ್ವಾ? 4 ಇಂಚಿನ ಪೈಪಿಗೆ 10 ಅಡಿಗೆ 3 ಇಂಚು ಇಳಿಜಾರು ಕೊಡಿ. ಕೆಳಗೆ ಬಂದು ತಿರುಗುವಲ್ಲಿ ಒಂದೇ ಕಡಿದಾದ ಬೆಂಡು ಬೇಡ, 45 ಡಿಗ್ರಿಯ ಎರಡು ಹಾಕಿಸಿ. ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ನೆಲದೊಳಗಿನ ಜೋಡಣೆಯನ್ನು ಬಿಡಿಸಿಬಿಡುತ್ತದೆ. ಗರಸು ಹಾಕಿ ಚೆನ್ನಾಗಿ ಬಡಿದು, ಅದರ ಮೇಲೆ ಉಸುಕು ಹಾಸಿ ಪೈಪು ಮಲಗಿಸಿ. ಪೈಪು ಕೂರಿಸಲೆಂದು ಬಾತ್‌ರೂಮಿನಲ್ಲಿ ತಗ್ಗಿಸಿ ಹಾಕಿದ ಸ್ಲ್ಯಾಬ್ ಮುಚ್ಚುವ ಮೊದಲು ನೀರು ತುಂಬಿಸಿ ಎರಡು ದಿನ ಬಿಡಿ. ಕೆಳಗೆ ತೇವ ಕಾಣದಿದ್ದರೆ ಮಾತ್ರ ಮುಂದಿನ ಕೆಲಸ. ಮತ್ತೆ, ಬೇಸಿಗೆ ರಜೆಗೆ ಹುಡುಗರು ಊರಿಗೆ ಹೋದಾಗ ಟ್ರ್ಯಾಪಿನ ನೀರು ತಾನಾಗಿಯೇ ಆರುತ್ತದೆ. ವಾರಕ್ಕೊಮ್ಮೆ ಮೇಲೆ ಹೋಗಿ ಒಂದು ತಂಬಿಗೆ ನೀರು ಸುರಿದು ಬನ್ನಿ.

ನಮಸ್ಕಾರ.