ಕಂಪನಿ ಟ್ರೈನಿಂಗ್‌ಗೆ ಕಾಲೇಜು ಕ್ರೆಡಿಟ್ ಸಿಗುತ್ತಾ?

[ಮೇಜಿನ ಮೇಲೆ ಹಳೇ ಪ್ಲಾಸ್ಟಿಕ್ ಫೈಲ್. ನಿರೂಪಕ ಅದನ್ನು ತೆರೆಯುತ್ತಾರೆ.]

ನಮಸ್ಕಾರ. ಈ ಫೈಲ್ ನನ್ನದೇ. ಮೊದಲು ಕೆಲಸಕ್ಕಿದ್ದ ಕಂಪನಿಯೊಂದು ಕೊಟ್ಟ ಮೂರು ಸರ್ಟಿಫಿಕೇಟ್ ಇದರಲ್ಲಿವೆ. ಸುತ್ತ ಚಿನ್ನದ ಬಣ್ಣದ ಅಂಚು, ಕೆಳಗೆ ದೊಡ್ಡ ಸಹಿ. ನೋಡೋಕೆ ಥೇಟ್ ಮದುವೆ ಕಾರ್ಡ್! ಈಗ ಈ ಸಾಲು ಓದಿ.

[ಕ್ಲೋಸಪ್: ‘ತರಬೇತಿಯಲ್ಲಿ ಭಾಗವಹಿಸಿದ್ದಾರೆ’]

ಭಾಗವಹಿಸಿದ್ದಾರೆ. ಅಷ್ಟೇ. ಎಷ್ಟು ಗಂಟೆ ಅಂತ ಇಲ್ಲ. ಏನು ಕಲಿಸಿದರು ಅಂತ ಇಲ್ಲ. ಪರೀಕ್ಷೆ ಇತ್ತಾ, ಪಾಸಾದೆನಾ, ಅದೂ ಇಲ್ಲ. ಇದನ್ನು ಹಿಡಿದುಕೊಂಡು ಕಾಲೇಜಿಗೆ ಹೋಗಿ ‘ಕ್ರೆಡಿಟ್ ಕೊಡಿ ಸಾರ್’ ಅಂದರೆ ಅವರಾದರೂ ಏನು ಮಾಡಬೇಕು? ಕ್ರೆಡಿಟ್ ಅಂದರೆ ಕಲಿತದ್ದನ್ನು ಡಿಗ್ರಿಯ ಲೆಕ್ಕಕ್ಕೆ ಸೇರಿಸುವ ಅಳತೆ.

ಆದರೆ ಕೆಲಸದ ಜಾಗದಲ್ಲಿ ಕಲಿತದ್ದಕ್ಕೆ ಕ್ರೆಡಿಟ್ ಕೊಡುವ ವ್ಯವಸ್ಥೆ ನಮ್ಮಲ್ಲಿ ಬಂದಿದೆ. ಹೆಸರು ನ್ಯಾಷನಲ್ ಕ್ರೆಡಿಟ್ ಫ್ರೇಮ್‌ವರ್ಕ್. 2023ರ ಏಪ್ರಿಲ್‌ನಲ್ಲಿ ಹೊರಬಂತು. ಶಾಲೆ, ಕಾಲೇಜು, ಕೌಶಲ ತರಬೇತಿ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಇದರ ಐಡಿಯಾ.

[ಸ್ಕ್ರೀನ್ ಮೇಲೆ: 1200 ಗಂಟೆ = 40 ಕ್ರೆಡಿಟ್]

ಲೆಕ್ಕ ಸುಲಭ. ವರ್ಷಕ್ಕೆ 1200 ಗಂಟೆ ಕಲಿತರೆ 40 ಕ್ರೆಡಿಟ್. ಅಂದರೆ 30 ಗಂಟೆಗೆ ಒಂದು. ಪಾಠ ಕೇಳಿದ್ದು ಮಾತ್ರ ಅಲ್ಲ, ಪ್ರಾಕ್ಟಿಕಲ್ ಮಾಡಿದ್ದು, ಮನೆಯಲ್ಲಿ ಓದಿದ್ದು, ಪರೀಕ್ಷೆ ಬರೆದದ್ದು ಎಲ್ಲವೂ ಆ ಗಂಟೆಗಳಲ್ಲಿ ಸೇರುತ್ತದೆ. ದಿನಕ್ಕೆ ಎಂಟು ಗಂಟೆಯಂತೆ 15 ದಿನದ ಟ್ರೈನಿಂಗ್ ಅಂದರೆ 120 ಗಂಟೆ, ನಾಲ್ಕು ಕ್ರೆಡಿಟ್. ಮೂರು ವರ್ಷದ ಡಿಗ್ರಿಗೆ ಬೇಕಾಗುವುದು 120 ಕ್ರೆಡಿಟ್. ನಾಲ್ಕು ಕಮ್ಮಿ ಅನಿಸಬಹುದು, ಆದರೆ ಅದು ಹೆಚ್ಚುಕಡಿಮೆ ಒಂದು ಸಬ್ಜೆಕ್ಟ್.

ಇಲ್ಲೊಂದು ಕೊಕ್ಕೆ ಇದೆ. ಗಂಟೆ ತುಂಬಿಸಿದರೆ ಸಾಲದು. ಮೌಲ್ಯಮಾಪನ ಆಗಿ, ಅದರಲ್ಲಿ ಪಾಸಾದರೆ ಮಾತ್ರ ಕ್ರೆಡಿಟ್.

ಪೀಣ್ಯದಲ್ಲಿ ಒಬ್ಬ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕತ್ತರಿಸುವ ಮೆಷಿನ್‌ನ ಆಪರೇಟರ್ ಇದ್ದಾರೆ ಅಂದುಕೊಳ್ಳಿ. ಎಂಟು ವರ್ಷದ ಸರ್ವಿಸ್.

[ದೃಶ್ಯ: ಶಾಫ್ಟ್ ಅನ್ನು ಮೈಕ್ರೋಮೀಟರ್‌ನಲ್ಲಿ ಅಳೆಯುತ್ತಿರುವ ಕೈ]

ಡ್ರಾಯಿಂಗ್‌ನಲ್ಲಿ ಶಾಫ್ಟ್ 25 ಮಿ.ಮೀ. ಅಂತಿದೆ. ಹೆಚ್ಚುಕಮ್ಮಿ 0.02 ತನಕ ನಡೆಯುತ್ತದೆ. ಇವರು ಅಳೆದರೆ 25.04 ಬರುತ್ತದೆ. ಟೂಲ್ ಸವೆದಿದೆ ಅಂತ ಇವರಿಗೆ ತಕ್ಷಣ ಗೊತ್ತಾಗುತ್ತದೆ. ಆಫ್‌ಸೆಟ್, ಅಂದರೆ ಮೆಷಿನ್‌ಗೆ ಕೊಟ್ಟ ಟೂಲಿನ ಅಳತೆ ತಿದ್ದಿ ಮುಂದಿನ ಜಾಬ್ ಹಾಕುತ್ತಾರೆ, ಸರಿಯಾಗಿ 25 ಬರುತ್ತದೆ. ಇದು ಎಷ್ಟೋ ಜನರಿಗೆ ತರಗತಿಯಲ್ಲಿ ಕೂತು ಬರುವ ವಿದ್ಯೆ ಅಲ್ಲ. ಆದರೆ ‘ಎಂಟು ವರ್ಷ ಮಾಡಿದ್ದೇನೆ’ ಅಂದರೆ ಯಾರೂ ಕ್ರೆಡಿಟ್ ಕೊಡುವುದಿಲ್ಲ. ಮೌಲ್ಯಮಾಪನ ಮಾಡುವ ಅಸೆಸರ್ ಮುಂದೆ ಇದನ್ನು ಮಾಡಿ ತೋರಿಸಬೇಕು, ಯಾಕೆ ಹಾಗೆ ಮಾಡಿದೆ ಅಂತ ಹೇಳಬೇಕು. ಹೀಗೆ ಮೊದಲೇ ಕಲಿತದ್ದನ್ನು ಪರೀಕ್ಷೆ ಮಾಡಿ ಒಪ್ಪಿಕೊಳ್ಳುವುದಕ್ಕೇ ಆರ್‌ಪಿಎಲ್ (ರೆಕಗ್ನಿಷನ್ ಆಫ್ ಪ್ರಿಯರ್ ಲರ್ನಿಂಗ್) ಅನ್ನುವುದು.

ಹಾಗಾದರೆ ಎಂಟು ವರ್ಷಕ್ಕೆ ಬೆಲೆಯೇ ಇಲ್ವಾ? ಇದೆ. ಒಂದು ಕೋರ್ಸ್ ಪಾಸಾಗಿ 20 ಕ್ರೆಡಿಟ್ ಬಂದಿದೆ ಅಂದುಕೊಳ್ಳಿ. ಅದೇ ಕೆಲಸದಲ್ಲಿ ಅನುಭವ ಬೆಳೆದ ಹಾಗೆ ಅದರ ತೂಕ ಜಾಸ್ತಿ ಮಾಡಲು ಫ್ರೇಮ್‌ವರ್ಕ್‌ನಲ್ಲಿ ಅವಕಾಶ ಇದೆ. ಆದರೆ ಎಷ್ಟೇ ವರ್ಷವಾದರೂ ಎರಡು ಪಟ್ಟು ಮೀರುವುದಿಲ್ಲ. 20 ಇದ್ದದ್ದು ಹೆಚ್ಚೆಂದರೆ 40. ನನ್ನನ್ನು ಕೇಳಿದರೆ ಇದು ಸರಿಯೇ. ಒಂದೇ ಬಟನ್ ಅನ್ನು ಹತ್ತು ವರ್ಷ ಒತ್ತಿದವರೂ ಇರುತ್ತಾರಲ್ಲ!

ಬಂದ ಕ್ರೆಡಿಟ್ ಎಲ್ಲಿರುತ್ತದೆ? ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ. ಇದು 2021ರಲ್ಲಿ ಶುರುವಾಯಿತು. ಡಿಜಿಲಾಕರ್ ಮೂಲಕ ಖಾತೆ ತೆರೆಯಬಹುದು, 12 ಅಂಕಿಯ ಐಡಿ ಬರುತ್ತದೆ. ಬ್ಯಾಂಕ್ ಅಂದ ತಕ್ಷಣ ನಾವೇ ಹೋಗಿ ಜಮಾ ಮಾಡಬಹುದು ಅಂದುಕೊಳ್ಳಬೇಡಿ. ಕಲಿಸಿದ ಸಂಸ್ಥೆಯೇ ಹಾಕಬೇಕು. ಹಾಕಿದ ಕ್ರೆಡಿಟ್ ಸಾಮಾನ್ಯವಾಗಿ ಏಳು ವರ್ಷ ಮಾತ್ರ ಉಳಿಯುತ್ತದೆ. ಇನ್ನೊಂದು ಮಾತು: ಖಾತೆಯಲ್ಲಿ ಕ್ರೆಡಿಟ್ ಇದೆ ಅಂದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಯಾವ ಕೋರ್ಸಿಗೆ ಎಷ್ಟು ಒಪ್ಪಬೇಕು ಅನ್ನುವುದು ವಿಶ್ವವಿದ್ಯಾಲಯದ ಕೈಯಲ್ಲಿದೆ. ಫೀಸ್ ಕಟ್ಟುವ ಮೊದಲೇ ಬರಹದಲ್ಲಿ ಕೇಳಿ.

ಇದೆಲ್ಲ ಹೊಸದು ಅನಿಸುತ್ತಾ? ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲೇ ಸೈನಿಕರ ತರಬೇತಿಗೆ ಎಷ್ಟು ಕ್ರೆಡಿಟ್ ಕೊಡಬಹುದು ಅಂತ ಕಾಲೇಜುಗಳಿಗೆ ಸಲಹೆ ಕೊಡುವ ಕೆಲಸ ಶುರುವಾಗಿತ್ತು. 1974ರಿಂದ ಕಂಪನಿಗಳ ತರಬೇತಿಗೂ ಅದು ಬಂತು. ಬರ್ಗರ್ ಮಾರುವ ಮೆಕ್‌ಡೊನಾಲ್ಡ್ಸ್‌ನ ಟ್ರೈನಿಂಗ್‌ಗೂ ಅಲ್ಲಿ ಕ್ರೆಡಿಟ್ ಶಿಫಾರಸು ಇದೆ!

ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಮನೆಯ ಹುಡುಗ ಐಟಿಐ ಮುಗಿಸಿ ನೇರವಾಗಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಿದ್ದು ನೋಡಿದ್ದೀರಿ ಅಲ್ವಾ? ಅದೇ ಲ್ಯಾಟರಲ್ ಎಂಟ್ರಿ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಬಿಇ ಎರಡನೇ ವರ್ಷ. ವರ್ಕ್‌ಶಾಪಿನಲ್ಲಿ ಕಬ್ಬಿಣಕ್ಕೆ ಅರ ಉಜ್ಜಿ ಕಲಿತದ್ದು ಒಂದು ವರ್ಷದ ಓದಿಗೆ ಸಮ ಅಂತ ಆವಾಗಲೇ ಒಪ್ಪಿಕೊಂಡಿದ್ದೇವೆ. ಕ್ರೆಡಿಟ್ ಅನ್ನುವ ಹೆಸರು ಇರಲಿಲ್ಲ, ಅಷ್ಟೇ.

[ನಿರೂಪಕ ಮತ್ತೆ ಕ್ಯಾಮೆರಾ ಕಡೆ]

ಮುಂದಿನ ಸಲ ಎಚ್‌ಆರ್ ‘ಟ್ರೈನಿಂಗ್ ಇದೆ, ಹೆಸರು ಕೊಡಿ’ ಅಂದಾಗ ಸುಮ್ನೆ ತಲೆ ಆಡಿಸಬೇಡಿ. ಈ ಕೋರ್ಸ್‌ಗೆ ಕೌಶಲ ತರಬೇತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಸಂಸ್ಥೆ ಎನ್‌ಸಿವಿಇಟಿಯ ಒಪ್ಪಿಗೆ ಇದೆಯಾ ಅಂತ ಕೇಳಿ. ಇದೆ ಅಂದರೆ ನ್ಯಾಷನಲ್ ಕ್ವಾಲಿಫಿಕೇಷನ್ಸ್ ರಿಜಿಸ್ಟರ್ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ಲೆವೆಲ್ ಎಷ್ಟು, ಗಂಟೆ ಎಷ್ಟು ಅಂತ ಅಲ್ಲಿ ಇರುತ್ತದೆ. ಇಲ್ಲ ಅಂದರೂ ಬಿಡಬೇಡಿ. ಸರ್ಟಿಫಿಕೇಟಿನಲ್ಲಿ ಗಂಟೆ, ವಿಷಯ, ಬಂದ ಅಂಕ ಇಷ್ಟನ್ನಾದರೂ ಬರೆಸಿಕೊಳ್ಳಿ. ಟ್ರೈನಿಂಗ್ ಶುರುವಾಗುವ ಮೊದಲೇ ಕೇಳಿ. ನಾನು ಕೆಲಸ ಬಿಟ್ಟು ಎರಡು ವರ್ಷ ಆದ ಮೇಲೆ ಕೇಳಿದೆ. ‘ಆಗ ಇದ್ದವರು ಯಾರೂ ಈಗ ಇಲ್ಲ ಸಾರ್’ ಅಂದರು.

[ಫೈಲ್ ಮುಚ್ಚುವ ಸದ್ದು]