ಫಾರ್ಮ್ಯಾಟ್ ಮಾಡುವ ಮೊದಲು ಕರ್ನೆಲ್ ಮಾತು ಕೇಳಿ

"ಪೆನ್‌ಡ್ರೈವ್ ಹೋಗಿದೆ, ಫಾರ್ಮ್ಯಾಟ್ ಮಾಡಿಬಿಡಿ." ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರಿಗೆ ಅಂಗಡಿಯಲ್ಲಿ ಸಿಕ್ಕ ಸಲಹೆಯೂ ಇದೇ. ಅವರ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ತಾಯಿ ಹಾಡಿದ ಸೋಬಾನೆ ಪದಗಳು. ಆ ತಾಯಿ ಈಗಿಲ್ಲ, ಹಾಡುಗಳಿಗೆ ಬೇರೆ ಪ್ರತಿಯೂ ಇರಲಿಲ್ಲ.

ಮೇಷ್ಟರ ಲ್ಯಾಪ್‌ಟಾಪ್‌ನಲ್ಲಿರುವುದು ಲಿನಕ್ಸ್. ಪೆನ್‌ಡ್ರೈವ್ ಚುಚ್ಚಿದರೆ ಪರದೆಯ ಮೇಲೆ ಬಂದದ್ದು ಲಿನಕ್ಸ್ ಬಳಸುವವರಿಗೆಲ್ಲ ಪರಿಚಿತವಾದ ಆ ದೋಷದ ಸಾಲು: ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್. ನಿಧಾನವಾಗಿ ಓದಿ ನೋಡಿ. ಕಡತ ವ್ಯವಸ್ಥೆಯ (ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿಯ) ಬಗೆ ತಪ್ಪಿರಬಹುದು, ಕೊಟ್ಟ ಆಯ್ಕೆ ತಪ್ಪಿರಬಹುದು, ಆ ವ್ಯವಸ್ಥೆಯ ಮೂಲ ವಿವರ ಇರುವ ಸೂಪರ್‌ಬ್ಲಾಕ್ ಕೆಟ್ಟಿರಬಹುದು, ಬೇಕಾದ ಸಹಾಯಕ ತಂತ್ರಾಂಶ ಇಲ್ಲದಿರಬಹುದು, ಇವು ಯಾವುವೂ ಅಲ್ಲದಿದ್ದರೆ ಬೇರೇನೋ ಇರಬಹುದು. ಇಷ್ಟೆಲ್ಲ ಹೇಳಿ ಏನನ್ನೂ ಹೇಳದ ಸಾಲು ಅದು. ಅದನ್ನು ನೋಡಿ ಮನುಷ್ಯ ಹೆದರದೆ ಇನ್ನೇನು ಮಾಡಬೇಕು?

ನಿಜವಾದ ಕಾರಣ ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಗೊತ್ತಿರುತ್ತದೆ. ಅದು ಬರೆದೂ ಇಟ್ಟಿರುತ್ತದೆ. ಆಜ್ಞೆ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಡಿಮೆಸ್ಗ್ (dmesg) ಆಜ್ಞೆ ಕೊಡಿ, ಕರ್ನೆಲ್ ಬರೆದಿಟ್ಟದ್ದು ಕಾಣುತ್ತದೆ. ಮೇಷ್ಟರ ಪೆನ್‌ಡ್ರೈವ್ ಬಗ್ಗೆ ಅಲ್ಲಿ ಸ್ಪಷ್ಟವಾಗಿತ್ತು: ವಾಲ್ಯೂಮ್ ಈಸ್ ಡರ್ಟಿ. ಯಾವುದೋ ವಿಂಡೋಸ್ ಕಂಪ್ಯೂಟರ್‌ನಿಂದ ಅದನ್ನು ಸರಿಯಾಗಿ ಕಳಚದೆ (ಇಜೆಕ್ಟ್ ಮಾಡದೆ) ಕಿತ್ತಿದ್ದರು. ಪೆನ್‌ಡ್ರೈವ್‌ನಲ್ಲಿದ್ದ, ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆ ತನ್ನ ಮೇಲೆ "ಕೆಲಸ ಅರ್ಧಕ್ಕೆ ನಿಂತಿದೆ" ಎಂಬ ಗುರುತನ್ನು ಉಳಿಸಿಕೊಂಡಿತ್ತು. 2021ರಲ್ಲಿ 5.15ನೇ ಆವೃತ್ತಿಯೊಂದಿಗೆ ಕರ್ನೆಲ್‌ಗೆ ಸೇರಿದ ಎನ್‌ಟಿಎಫ್‌ಎಸ್3 ಚಾಲಕ (ಡ್ರೈವರ್) ಆ ಗುರುತು ಕಂಡರೆ ಬರೆಯಲು ತೆರೆಯುವುದಿಲ್ಲ. ಆ ನಿರಾಕರಣೆ ಸರಿಯಾದದ್ದೇ ಎನ್ನುತ್ತೇನೆ, ಏಕೆಂದರೆ ಅರ್ಧ ಬರೆದದ್ದರ ಮೇಲೆ ಮತ್ತೆ ಬರೆದರೆ ಉಳಿದದ್ದೂ ಕೆಡಬಹುದು. ಆದರೆ ಓದಲು ಮಾತ್ರ ಎಂದು ಕೇಳಿದರೆ ಅದೇ ಚಾಲಕ ತೆರೆದುಕೊಡುತ್ತದೆ. ಹಾಗೇ ಮಾಡಿದೆವು. ಮೊದಲು ಹಾಡುಗಳನ್ನೆಲ್ಲ ಎರಡು ಕಡೆ ಪ್ರತಿ ಮಾಡಿಕೊಂಡೆವು. ಆಮೇಲೆ ವಿಂಡೋಸ್‌ನಲ್ಲಿ ಚೆಕ್‌ಡಿಸ್ಕ್ ಎಂಬ ದುರಸ್ತಿ ಸಾಧನ ಓಡಿಸಿದೆವು. ಫಾರ್ಮ್ಯಾಟ್ ಬೇಕಾಗಲೇ ಇಲ್ಲ.

ಕಳಚುವ ವಿಷಯ ಬಂತಲ್ಲ, ಒಂದು ಮಾತು. ಪ್ರತಿ ಮುಗಿಯಿತು ಎಂದು ಪರದೆ ತೋರಿಸಿದ ಮೇಲೂ ದತ್ತಾಂಶದ ಒಂದು ಭಾಗ ರ‍್ಯಾಮ್‌ನಲ್ಲೇ ಕುಳಿತಿರಬಹುದು. ಲಿನಕ್ಸ್ ಅದನ್ನು ಹಿನ್ನೆಲೆಯಲ್ಲಿ ನಿಧಾನವಾಗಿ ಬರೆಯುತ್ತಿರುತ್ತದೆ. ಅನ್‌ಮೌಂಟ್ ಮಾಡಿ, ಅಂದರೆ ಕಳಚಲು ಹೇಳಿ, ಅದು ಮುಗಿಯುವವರೆಗೆ ಕಾಯಿರಿ.

ಸಾಧನ ಚುಚ್ಚಿದ ಮೇಲೂ ಡಿಮೆಸ್ಗ್‌ನಲ್ಲಿ ಹೊಸ ಸಾಲು ಒಂದೂ ಬರದಿದ್ದರೆ ತಂತ್ರಾಂಶವನ್ನು ಬಿಟ್ಟು ಕೇಬಲ್ ಮತ್ತು ಪೋರ್ಟ್ ನೋಡಿ. ಚಾರ್ಜ್ ಮಾಡಲಷ್ಟೇ ಬರುವ ಕೇಬಲ್‌ಗಳಿವೆ. ಯುಎಸ್‌ಬಿ 2.0 ಪೋರ್ಟ್‌ನ 500 ಮಿಲಿಆಂಪಿಯರ್ ಕೆಲವು ಹಾರ್ಡ್‌ಡಿಸ್ಕ್‌ಗಳಿಗೆ ಸಾಲುವುದಿಲ್ಲ. ಕರ್ನೆಲ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡದೆ ಬಿಟ್ಟಿದ್ದರೆ ಕೆಲವು ಲಿನಕ್ಸ್ ವಿತರಣೆಗಳಲ್ಲಿ ಹಳೆಯ ಕರ್ನೆಲ್‌ನ ಮಾಡ್ಯೂಲ್‌ಗಳೇ (ಚಾಲಕಗಳಿರುವ ಕಡತಗಳೇ) ಅಳಿಸಿಹೋಗಿರುತ್ತವೆ. ಆಗ ಒಂದು ರೀಬೂಟ್ ಸಾಕು. ಆದರೆ ಐ/ಒ ಎರರ್ (ಓದು-ಬರಹದ ದೋಷ) ಎಂದು ಮತ್ತೆ ಮತ್ತೆ ಕಂಡರೆ ಯಾವ ದುರಸ್ತಿಗೂ ಕೈ ಹಾಕಬೇಡಿ. ಅಲ್ಲಿ ಸಾಯುತ್ತಿರುವುದು ಸಾಧನವೇ. ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಇಡೀ ಡಿಸ್ಕ್‌ನ ಪ್ರತಿ ತೆಗೆದು, ಉಳಿದ ಪ್ರಯೋಗಗಳನ್ನು ಆ ಪ್ರತಿಯ ಮೇಲೆ ಮಾಡಿ.

ಡೆಸ್ಕ್‌ಟಾಪ್ ರೂಪಿಸುವವರಲ್ಲಿ ನನ್ನದೊಂದು ಬೇಡಿಕೆ ಇದೆ. ಕಾರಣ ಕರ್ನೆಲ್ ದಾಖಲೆಯಲ್ಲಿ ಇದ್ದೂ ಅದನ್ನು ಬಳಕೆದಾರರಿಂದ ಏಕೆ ದೂರ ಇಡುತ್ತೀರಿ? ಲಿನಕ್ಸ್ ಡೆಸ್ಕ್‌ಟಾಪ್‌ಗಳಾದ ಗ್ನೋಮ್ ಮತ್ತು ಕೆಡಿಇಯನ್ನು ಕನ್ನಡಕ್ಕೆ ತರಲು ಸ್ವಯಂಸೇವಕರು ವರ್ಷಗಟ್ಟಲೆ ದುಡಿದಿದ್ದಾರೆ. "ಇದನ್ನು ಹಿಂದಿನ ಸಲ ಸರಿಯಾಗಿ ಕಳಚಿಲ್ಲ. ಓದಲು ಮಾತ್ರ ತೆರೆಯಲೇ?" ಎಂಬ ಎರಡು ವಾಕ್ಯ ದೋಷ ತೋರಿಸುವ ಕಿಟಕಿಯಲ್ಲಿ ಕಂಡಿದ್ದರೆ, ಮೇಷ್ಟರು ಹೌದು ಎಂದು ಒತ್ತುತ್ತಿದ್ದರು, ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ.